ಎತ್ತುವವಳು, ಹಿಡಿಯುವವಳು

ನಮ್ಮ ಮನೆಯ ಹೆಂಗಸರಲ್ಲಿ ಎರಡೇ ಪಂಗಡ. ಹಾಡು ಎತ್ತುವವರು, ಹಾಡು ಹಿಡಿಯುವವರು. ಅಜ್ಜಿ ಎತ್ತುವವಳು. ಅವಳ ತಂಗಿ, ನಮಗೆಲ್ಲ ಚಿಕ್ಕಜ್ಜಿ, ಹಿಡಿಯುವವಳು. ಮದುವೆಯಲ್ಲಿ ಹೆಣ್ಣನ್ನು ಹಸೆಗೆ ಕೂರಿಸಿದಾಗ ಅಜ್ಜಿ ಒಂದು ಸಾಲು ಎತ್ತುತ್ತಿದ್ದಳು. ಅದು ಮುಗಿಯುತ್ತ ಬಂದಂತೆ ಚಿಕ್ಕಜ್ಜಿ ಅದೇ ಸಾಲನ್ನು ಹಿಡಿದು ಮತ್ತೊಮ್ಮೆ ಹೇಳುತ್ತಿದ್ದಳು. ಇವಳು ಹೇಳುವಷ್ಟು ಹೊತ್ತು ಅವಳಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನಪು ಮಾಡಿಕೊಳ್ಳಲು ಬಿಡುವು. ಎಣ್ಣೆ ಹಚ್ಚುವುದರಿಂದ ಹಿಡಿದು ಆರತಿಯ ತನಕ ಅರ್ಧ ದಿನ ಹಾಡಿದರೂ ಇಬ್ಬರ ಗಂಟಲೂ ಸೋಲುತ್ತಿರಲಿಲ್ಲ. ಎತ್ತುವವಳು ಹಿಡಿಯುವುದಿಲ್ಲ, ಹಿಡಿಯುವವಳು ಎತ್ತುವುದಿಲ್ಲ. ಈ ಕಟ್ಟಳೆ ಯಾರು ಮಾಡಿದ್ದೋ ನಾನು ಕೇಳಲಿಲ್ಲ. ನನ್ನನ್ನು ಚಿಕ್ಕಜ್ಜಿಯ ತೊಡೆಯ ಪಕ್ಕ ಕೂರಿಸಿದ್ದರು, ಹಾಗಾಗಿ ನಾನೂ ಹಿಡಿಯುವವಳಾದೆ.

ಇದೆಲ್ಲ ಮದ್ರಾಸಿನಲ್ಲಿ. ಅಪ್ಪನ ಹೋಟೆಲು ಅಣ್ಣಾ ನಗರದಲ್ಲಿತ್ತು, ಈಗಲೂ ಇದೆ. ಕೆಳಗೆ ಹೋಟೆಲು, ಮೇಲೆ ಮನೆ. ಶಾಲೆಯಲ್ಲಿ ನಾನು ಕಲಿತದ್ದು ತಮಿಳು ಮತ್ತು ಇಂಗ್ಲಿಷ್. ಕನ್ನಡ ಬಂದದ್ದು ಈ ಇಬ್ಬರು ಮುದುಕಿಯರ ಬಾಯಿಂದ, ಅದೂ ಕುಂದಾಪುರದ ಕಡೆಯದು, ಅವರು ಮದುವೆಯಾಗಿ ಇಲ್ಲಿಗೆ ಬಂದಾಗ ಕಟ್ಟಿಕೊಂಡು ಬಂದಿದ್ದಷ್ಟು. ಅಕ್ಷರ ಕಲಿತದ್ದು ಎಷ್ಟೋ ತಡವಾಗಿ. ಬೆಂಗಳೂರಿನ ಗೆಳತಿಯೊಬ್ಬಳು ನಾನು ಮಾತಾಡುವುದು ಕೇಳಿ, "ನಿನ್ನ ಕನ್ನಡಕ್ಕೆ ಮೊಣಕಾಲು ನೋವು ಬಂದಿರಬೇಕು ಕಣೇ, ಅಷ್ಟು ವಯಸ್ಸಾಗಿದೆ ಅದಕ್ಕೆ," ಅಂದಿದ್ದಳು. ನನಗೇನೂ ಬೇಸರವಾಗಲಿಲ್ಲ. ನಿಜವೇ ತಾನೆ.

ಹಾಡು ಬರೆಯುವವಳಾದದ್ದು ಕಾಫಿಯ ದೆಸೆಯಿಂದ. ಒಂದು ಮಧ್ಯಾಹ್ನ ಗಲ್ಲಾದಲ್ಲಿ ಕೂತು ಅಡುಗೆಮನೆಯವರನ್ನು ಕನ್ನಡದಲ್ಲಿ ಬೈಯುತ್ತಿದ್ದೆ. ಚಟ್ನಿಗೆ ಉಪ್ಪಿರಲಿಲ್ಲ. ಕಾಫಿ ಕುಡಿಯುತ್ತಿದ್ದವನೊಬ್ಬ ಲೋಟ ಹಿಡಿದೇ ಎದ್ದು ಬಂದ. "ಮೇಡಂ, ಕನ್ನಡಮಾ? ಅರ್ಧ ಗಂಟೆ ಬನ್ನಿ, ಪ್ಲೀಸ್." ಧ್ವನಿಮುದ್ರಣದ ಸ್ಟುಡಿಯೋದಲ್ಲಿ ಎಂಜಿನಿಯರ್ ಅಂತೆ. ಅಡುಗೆ ಎಣ್ಣೆಯ ಜಾಹೀರಾತಿಗೆ ಕನ್ನಡದ ದನಿ ಬೇಕಿತ್ತು, ಬರಬೇಕಾದ ಕಲಾವಿದೆ ರೈಲು ತಪ್ಪಿಸಿಕೊಂಡಿದ್ದಳು. ನಾನು ಹೋಗಿ "ಹಗುರ, ಹಗುರ, ಎಷ್ಟು ಹಗುರ!" ಅಂದು ಬಂದೆ. ಜಗತ್ತು ಕೇಳಿದ ನನ್ನ ಮೊದಲ ಕೃತಿ ಅದು.

ಅವತ್ತು ಅಲ್ಲಿಂದ ಹೊರಡುವ ಮೊದಲೇ ಕರೆಂಟು ಹೋಗಿತ್ತು. ಕತ್ತಲೆಯ ವರಾಂಡದಲ್ಲಿ ಕಾಯುತ್ತ ನನ್ನಷ್ಟಕ್ಕೆ ಏನೋ ಗುನುಗುತ್ತಿದ್ದೆ. ಪಕ್ಕದ ಕುರ್ಚಿಯಿಂದ ಒಂದು ದನಿ ತಮಿಳಿನಲ್ಲಿ ಕೇಳಿತು, "ಅದು ಯಾವ ರಾಗ ಮಾ?"

"ರಾಗ ಗೊತ್ತಿಲ್ಲ ಸರ್. ಎಣ್ಣೆಯ ಹಾಡು."

"ಈಗ ಒಳಗೆ ಮಾಡಿದ ಜಾಹೀರಾತಾ? ಇಷ್ಟು ಚೆನ್ನಾಗಿರಲಿಲ್ಲವಲ್ಲ."

ಮದುಮಗಳಿಗೆ ಎಣ್ಣೆ ಹಚ್ಚುವಾಗ ಹೇಳುವ ಹಾಡು ಎಂದು ವಿವರಿಸಬೇಕಾಯಿತು. ಆತ ಕೀಬೋರ್ಡ್ ನುಡಿಸುವವರು. ಹರೆಯದಲ್ಲಿ ಸಿನಿಮಾ ವಾದ್ಯಗೋಷ್ಠಿಗಳಲ್ಲಿ ಕೂತಿದ್ದವರು. ಯಂತ್ರಗಳು ಬಂದು ಗೋಷ್ಠಿಗಳು ಕರಗಿದ ಮೇಲೆ ತಾವೇ ಯಂತ್ರ ಕಲಿತು, ಕೀಲ್ಪಾಕಿನ ಮನೆಯ ಒಂದು ಕೋಣೆಗೆ ಸ್ಪಂಜಿನ ಹಾಳೆ ಬಡಿದು ಸ್ಟುಡಿಯೋ ಮಾಡಿಕೊಂಡಿದ್ದರು. ಭಾನುವಾರ ಮಾತ್ರ ಚರ್ಚಿನಲ್ಲಿ ಆರ್ಗನ್. ಆ ಕತ್ತಲೆಯಿಂದ ಶುರುವಾಗಿ ನಾವಿಬ್ಬರೂ ಹಾಡು ಕಟ್ಟುತ್ತಲೇ ಇದ್ದೇವೆ. ಅವರಿಗೆ ಕನ್ನಡ ಬಾರದು, ನನಗೆ ರಾಗ ಬಾರದು. ಒಮ್ಮೆ ಮಂಗಳೂರಿನಿಂದ ಯಾರೋ ಫೋನಿನಲ್ಲೇ ಕೊಳಲು ನುಡಿಸಿ ಕಳಿಸಿದರು. ಮೆಟ್ರೋದಲ್ಲಿ ಪಕ್ಕ ಕೂತ ಹುಡುಗಿಯೊಬ್ಬಳು ತಬಲಾ ಚೀಲ ಹೊತ್ತಿದ್ದಳು, ಅವಳೂ ಒಂದು ವರ್ಷ ಜೊತೆಗಿದ್ದು ಎಲ್ಲಿಗೋ ಹೋದಳು. ಹೀಗೆ ಬಂದವರು ಹೀಗೇ ಹೋಗುತ್ತಾರೆ. ನಮ್ಮ ಹಾಡುಗಳನ್ನು ಇಂಟರ್ನೆಟ್ಟಿಗೆ ಹಾಕುತ್ತೇವೆ. ಕೇಳುವವರೆಲ್ಲ ಸೇರಿದರೆ ಮದುವೆ ಮನೆಯ ಒಂದು ಪಂಕ್ತಿಯೂ ತುಂಬಲಿಕ್ಕಿಲ್ಲ.

ಒಂದು ಆಸೆ ಮಾತ್ರ ಮೊದಲಿನಿಂದ ಇತ್ತು. ಚಿಕ್ಕಜ್ಜಿಯ ದನಿ ನನ್ನ ಒಂದು ಹಾಡಿನಲ್ಲಿ ಇರಬೇಕು. ಅಜ್ಜಿ ತೀರಿಕೊಂಡ ಮೇಲೆ ಚಿಕ್ಕಜ್ಜಿ ಹಾಡುವುದನ್ನು ಬಿಟ್ಟಿದ್ದಳು. ಮದುವೆಗೆ ಬಂದರೂ ಹಸೆಯ ಹತ್ತಿರ ಸುಳಿಯುತ್ತಿರಲಿಲ್ಲ, ಪಾಯಸ ಬಡಿಸುವ ಕಡೆ ನಿಲ್ಲುತ್ತಿದ್ದಳು. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: "ಎತ್ತುವವ್ಳೇ ಹೋದ್ಳಲ್ಲೇ ಹೆಣೆ. ಇನ್ನ್ ಎಂತ ಹಿಡುದ್?"

ಆಮೇಲೆ ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು.

ಅವಳಿರುವುದು ಮಣಲಿಯಲ್ಲಿ, ಮಗನ ಮನೆಯಲ್ಲಿ. ಆ ಚಿಕ್ಕಪ್ಪ ಅಲ್ಲಿಯ ಕಾರ್ಖಾನೆಯೊಂದರಿಂದ ನಿವೃತ್ತನಾದವನು. ಕೀಲ್ಪಾಕಿನ ಆಸ್ಪತ್ರೆಯೊಂದಕ್ಕೆ ಅವನೂ ನಾನೂ ಸೇರಿ ಕರೆದುಕೊಂಡು ಹೋದೆವು. ಗಂಟು ತೆಗೆಯಲೇಬೇಕು, ದನಿಯ ನರ ಅದಕ್ಕೆ ಅಂಟಿಕೊಂಡೇ ಹೋಗುತ್ತದೆ, ಆಪರೇಷನ್ ಆದ ಮೇಲೆ ದನಿ ಹೇಗಿರುತ್ತದೆ ಎಂದು ಈಗ ಹೇಳಲಾಗದು ಎಂದರು ಡಾಕ್ಟರು. ಚಿಕ್ಕಜ್ಜಿ ತಮಿಳಿನಲ್ಲಿ ಕೇಳಿದಳು, "ಹಾಡಲಿಕ್ಕಾಗುತ್ತದಾ?"

"ನೀವು ಹಾಡುಗಾರರಾ ಅಮ್ಮಾ?"

"ಅಲ್ಲ. ಹಿಡಿಯುವವಳು."

ಡಾಕ್ಟರು ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಗೋಡೆ ನೋಡಿದ.

ಹೊರಗೆ ಆಟೋಗೆ ಕಾಯುವಾಗ ಅವಳು ನನ್ನ ಮೊಣಕೈ ಹಿಡಿದಳು. "ಕೊಯ್ಯುಕ್ ಮುಂಚೆ ಒಂದ್ ಹಾಡ್ತೆ. ನೀ ಎತ್ತ್."

"ಅಮ್ಮಾ, ಮಾತೇ ಕಮ್ಮಿ ಮಾಡಿ ಅಂದಿರ್ ಡಾಕ್ಟ್ರ್. ನೀವ್ ಹಾಡುಕ್ ಹೊರಟ್ರ್ಯಾ?" ಅಂದ ಚಿಕ್ಕಪ್ಪ.

"ನಿಂಗೆಂತ? ನಿನ್ನ್ ಗಂಟ್ಲಾ?"

ಇಷ್ಟು ವರ್ಷ ನಾನು ಬೇಡಿದ್ದನ್ನು ಅವಳೇ ಕೈಗಿಟ್ಟಿದ್ದಳು. ಅದೂ ತುದಿ ಮೊದಲೇ ಕತ್ತರಿಸಿಟ್ಟ ಬಟ್ಟೆಯ ಹಾಗೆ. ಇರುವುದು ಇಷ್ಟೇ, ಇದರೊಳಗೆ ಹೊಲಿದುಕೋ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಆ ದನಿಯನ್ನು ನಾನು ಉಳಿಸಿಕೊಳ್ಳಬೇಕಿತ್ತು.

ಹಾಡು ಬೇಗ ಬಂತು. ಹೋಟೆಲಿನವರ ಮಗಳಿಗೆ ಬೇರೇನು ಹೊಳೆಯಬೇಕು? ಇಡ್ಲಿ ಹಿಟ್ಟಿನ ಮೇಲೆ ಬರೆದೆ.

"ಬೆಳಗಾಗೊ ಮುಂಚೆಯೇ ಹಿಟ್ಟುಬ್ಬಿತು ನೋಡೇ,
ಮುಚ್ಚಿಟ್ಟ ತಟ್ಟೆಯ ಎತ್ತಿತು ನೋಡೇ,
ಯಾರೂ ಕರೆಯದೆಯೆ ಎದ್ದು ಬಂದಿತು ನೋಡೇ."

ಪ್ರತಿ ಸಾಲು ಎರಡು ಸಲ. ಮೊದಲು ನಾನು, ಆಮೇಲೆ ಅವಳು. ಚಿಕ್ಕಜ್ಜಿಗೆ ಓದಿ ಹೇಳಿದೆ. "ಹುಳಿ ಬಂದಿತ್ತಾ ನೋಡ್ದೆಯಾ?" ಅಂತ ಕೇಳಿದಳು. ಮೆಚ್ಚಿದಳು ಎಂದು ತಿಳಿದುಕೊಂಡೆ.

ಕೀಲ್ಪಾಕಿನ ಆ ಸ್ಪಂಜಿನ ಕೋಣೆಗೆ ಅವಳು ಮದುವೆಗೆ ಬರುವ ಹಾಗೆ ರೇಷ್ಮೆ ಸೀರೆ ಉಟ್ಟು ಬಂದಳು. ಕೀಬೋರ್ಡಿನವರು ಎದ್ದು ನಿಂತು ಕೈಮುಗಿದರು. "ವಾಂಗ ಪಾಟಿ," ಬನ್ನಿ ಅಜ್ಜಿ, ಎಂದರು. ಕಿವಿಗೆ ಹೆಡ್‌ಫೋನ್ ಇಟ್ಟು, ಮೈಕಿನ ಮುಂದೆ ಕೂರಿಸಿ, ನಾನು ಮೊದಲೇ ಹಾಡಿಟ್ಟಿದ್ದ ಸಾಲನ್ನು ಕೇಳಿಸಿದರು. ನನ್ನ ಸಾಲು ಮುಗಿಯಿತು. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ಕೇಳಿಸಿದರು. ಮತ್ತೆ ಹಾಗೇ.

"ಪಾಟಿಗೆ ಗಾಬರಿ," ಅಂದರು ಅವರು.

ಯಂತ್ರದ ಎದುರು ಸಂಕೋಚವಿರಬೇಕು ಎಂದು ಹೆಡ್‌ಫೋನ್ ತೆಗೆಸಿ ನಾನೇ ಎದುರು ಕೂತು ಹಾಡಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಬಸ್ಸು ಹತ್ತಲು ಮೆಟ್ಟಿಲು ಹುಡುಕುವವರ ಹಾಗೆ. ಸಾಲಿನ ಕೊನೆ ಬಂದಾಗ ಅವಳ ಗದ್ದ ಮೇಲೆದ್ದು ಅಲ್ಲೇ ನಿಂತಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಕೆಮ್ಮಿದಳು. ಆಮೇಲೆ ನಿಧಾನ ಹೇಳಿದಳು.

"ನೀ ಬಾಗ್ಲ್ ಹಾಕ್ಕಂಡ್ರೆ ನಾ ಎಲ್ಲಿಂದ ಒಳ್ಗ್ ಬಪ್ಪುದ್?"

"ಯಾವ ಬಾಗಿಲು ಚಿಕ್ಕಜ್ಜಿ?"

"ಸಾಲ್ ಮುಗ್ಸಿ ಕೂತ್ರೆ ಹಿಡುಕೆ ಎಂತ ಉಳೀತ್? ಅಕ್ಕ ಸಾಲ್ ಮುಗ್ಸುದೇ ಇಲ್ಲ. ಅರ್ಧ ಬಾಯಿ ತೆರ್ಕಂಡೇ ನನ್ನ್ ಕಡಿಗ್ ತಿರ್ಗುದ್. ಕಡೀ ಅಕ್ಷರ ನಂದ್."

ಕೀಬೋರ್ಡಿನವರಿಗೆ ಅನುವಾದಿಸಿದೆ. ಅವರು ನನ್ನ ಮುದ್ರಣವನ್ನು ಮತ್ತೆ ಹಾಕಿದರು. ಪ್ರತಿ ಸಾಲಿನ ಕೊನೆಯ "ನೋಡೇ" ದುಂಡಗೆ, ಪೂರ್ತಿಯಾಗಿ, ತಾಳಕ್ಕೆ ಸರಿಯಾಗಿ ಮುಗಿಯುತ್ತಿತ್ತು. ಜಾಹೀರಾತಿನವರು ಹಾಗೇ ಕೇಳುತ್ತಾರೆ. ಸಾಲಿನ ಕೊನೆ ಕ್ಲೀನಾಗಿರಬೇಕು ಎಂದು ಇವರೇ ನನ್ನನ್ನು ತಿದ್ದಿದ್ದರು. ಮನೆಗೆ ಹೋಗಿ ನನ್ನ ಹಳೆಯ ಹಾಡುಗಳನ್ನೆಲ್ಲ ಕೇಳಿದೆ. ಬೀದಿಯುದ್ದಕ್ಕೂ ಚಿಲಕ ಹಾಕಿದ ಮನೆಗಳು. ಸಾಲನ್ನು ಮುಗಿಸುವುದು ಹಿಡಿಯುವವಳ ಕೆಲಸ, ನಾನು ಹುಟ್ಟಿದಾಗಿನಿಂದ ಮಾಡಿದ್ದು ಅದನ್ನೇ. ಎತ್ತುವುದೆಂದರೆ ಗಟ್ಟಿಯಾಗಿ ಮೊದಲು ಹೇಳುವುದು ಎಂದುಕೊಂಡಿದ್ದೆ. ಅದು ಬಿಟ್ಟುಕೊಡುವುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ಕೋಣೆಯಲ್ಲಿ ಅವತ್ತು ಇಬ್ಬರೂ ಕೈ ಚಾಚಿಕೊಂಡು ಕೂತಿದ್ದೆವು. ಎಸೆಯುವವರು ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಮಧ್ಯಾಹ್ನವಾದರೆ ಮಣಲಿಯ ಬಸ್ಸು ಹತ್ತಿದೆ. ಇಳಿಯುವ ಮೊದಲೇ ಕಚ್ಚಾ ತೈಲ ಸಂಸ್ಕರಿಸುವ ಕಾರ್ಖಾನೆಯ ವಾಸನೆ ಮೂಗಿಗೆ ಬಡಿಯುತ್ತದೆ. ಅಲ್ಲಿಯವರಿಗೆ ಅದು ಗೊತ್ತೇ ಆಗುವುದಿಲ್ಲ. ಚಿಕ್ಕಜ್ಜಿ ಜಗಲಿಯಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತಿರುತ್ತಿದ್ದಳು. ನಾನು ಎದುರು ಕೂತು ಎತ್ತುತ್ತಿದ್ದೆ.

"ಬಾಗ್ಲ್," ಅನ್ನುತ್ತಿದ್ದಳು ತಲೆಯೆತ್ತದೆ. ಮತ್ತೆ ಎತ್ತುತ್ತಿದ್ದೆ. "ಬಾಗ್ಲ್." ಇನ್ನೊಮ್ಮೆ. "ಈಗ್ ಕಿಟ್ಕಿ."

ಮುಗಿಸದೆ ಬಿಡುವುದು ಇಷ್ಟು ಕಷ್ಟವೆಂದು ಯಾರಿಗೆ ಗೊತ್ತು? ಬೇಕೆಂದೇ ತುಂಡು ಮಾಡಿದರೆ "ಬಿಕ್ಕಳಿಕ್ಯಾ?" ಅನ್ನುತ್ತಿದ್ದಳು. ಅವಳ ಉಸಿರು ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿತ್ತು. ಕೆಮ್ಮು ಬಂದಾಗ ಚಿಕ್ಕಪ್ಪ ಒಳಗಿನಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ನನಗೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಒಂದು ಶನಿವಾರ, ಯಾಕೋ ಗೊತ್ತಿಲ್ಲ, ನಾನು ಬೇಳೆಯಲ್ಲಿದ್ದ ಒಂದು ಕಲ್ಲನ್ನು ನೋಡುತ್ತ ಎತ್ತಿದ್ದೆ. "ಹಿಟ್ಟುಬ್ಬಿತು ನೋ" ಎನ್ನುವಷ್ಟರಲ್ಲಿ ಕಲ್ಲು ತೋರಿಸಲೆಂದು ಅವಳ ಕಡೆ ತಿರುಗಿದೆ. ಅವಳು ಹಿಡಿದಳು. ನನ್ನ ಬಾಯಿಂದಲೇ ಕಿತ್ತುಕೊಂಡ ಹಾಗೆ. ಒಡಕಲು ದನಿ, ಆದರೂ ಅದೇ ದನಿ, ಅಜ್ಜಿ ಹೋದ ಮೇಲೆ ನಾನು ಕೇಳಿರದ ದನಿ. ಅವಳು ಹಾಡುವಷ್ಟು ಹೊತ್ತು ನನಗೆ ಉಸಿರು ಸಿಕ್ಕಿತು, ಮುಂದಿನ ಸಾಲು ನೆನಪಾಯಿತು. ಒಳಗಿನಿಂದ ಅವಳ ಮೊಮ್ಮಗಳು ಫೋನ್ ಹಿಡಿದೇ ಓಡಿ ಬಂದು ತಮಿಳಿನಲ್ಲಿ ಕೇಳಿದಳು, "ಪಾಟಿ ಪಾಡುವಾಂಗಳಾ?" ಅಜ್ಜಿ ಹಾಡುತ್ತಾಳೆಂಬುದೇ ಆ ಹುಡುಗಿಗೆ ಗೊತ್ತಿರಲಿಲ್ಲ.

ನಾನು ನನ್ನ ಫೋನ್ ತೆಗೆದೆ. ಚಿಕ್ಕಜ್ಜಿ ಅದರ ಮೇಲೆ ಅಂಗೈ ಇಟ್ಟಳು. "ಕಲಿವಾಗ ಹಿಡ್ದ್ ಇಟ್ಕಂಬುಕಾಗ. ಪೆಟ್ಗಿ ಬಾರ್ಸುವವ್ರಿಗ್ ಬಪ್ಪುಕ್ ಹೇಳ್. ಸಮಾ ಸೀರೆ ಉಟ್ಕಂಡ್ ಹಾಡ್ತೆ."

ಕೀಬೋರ್ಡಿನವರಿಗೆ ಫೋನ್ ಮಾಡಿದೆ. ಸೋಮವಾರ ಯಂತ್ರ ಹೊತ್ತುಕೊಂಡು ಮಣಲಿಗೇ ಬರುತ್ತೇನೆ ಎಂದರು. ಆಪರೇಷನ್ನಿಗೆ ಇನ್ನೂ ಬಿಡುವಿತ್ತು.

ಭಾನುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಕರೆ ಬಂತು. ಹಾಸಿಗೆ ಖಾಲಿಯಾಗಿದೆ, ಸರ್ಜನ್ ರಜೆಯ ಮೇಲೆ ಹೋಗುತ್ತಿದ್ದಾರೆ, ಇವತ್ತೇ ಸೇರಿಸಿ, ನಾಳೆ ಬೆಳಿಗ್ಗೆಯೇ ಆಪರೇಷನ್. ಚಿಕ್ಕಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ಯಾರು ತಾನೇ ಯೋಚಿಸುತ್ತಾರೆ? ಕೀಬೋರ್ಡಿನವರಿಗೂ ಫೋನ್ ಮಾಡಿ ನಾನು ಅಣ್ಣಾ ನಗರದಿಂದ ಆಸ್ಪತ್ರೆಗೆ ಓಡಿದೆ. ಕೀಬೋರ್ಡಿನವರು ಚರ್ಚಿನಿಂದ ನೇರ ನಡೆದು ಬಂದಿದ್ದರು, ಬಿಳಿ ಅಂಗಿಯಲ್ಲಿ, ಹೆಗಲಿಗೆ ರೆಕಾರ್ಡರಿನ ಚೀಲ. ವಾರ್ಡಿನ ನರ್ಸು ಚೀಲ ನೋಡಿ, ಮಾತು ಬೇಡ, ಕೆಮ್ಮು ಬರುತ್ತದೆ, ಹೊರಗಿರಿ ಎಂದರು. ಅವರು ಹೇಳಿದ್ದು ಸರಿಯೇ. ಚಿಕ್ಕಜ್ಜಿ ಹಸಿರು ಅಂಗಿಯಲ್ಲಿ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು. ಚೀಲ ನೋಡಿ ನಕ್ಕಳು.

"ಪಾಪ, ಹೊತ್ಕಂಡ್ ಬಂದಿರ್. ಕಾಫಿ ಕುಡ್ಸ್ ಅವ್ರಿಗೆ."

ಆ ಹಳೆಯ ದನಿಯಲ್ಲಿ ಅವಳು ನನಗೆ ಹೇಳಿದ ಕೊನೆಯ ಮಾತು ಅದು.

ಗಂಟು ಕೆಟ್ಟದ್ದಾಗಿರಲಿಲ್ಲ. ಅದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದ್ದೇವೆ. ಆದರೆ ದನಿ ಹೋಯಿತು. ಉಳಿದದ್ದು ಬರಿಯ ಉಸಿರು. ನರ ಮಲಗಿದೆ, ಏಳಬಹುದು, ಏಳದೆಯೂ ಇರಬಹುದು, ಕಾಯಬೇಕು ಎಂದರು. ಮಣಲಿಯ ಮನೆಯಲ್ಲಿ ಎಲ್ಲರೂ ಕೇಳಿಸಿಕೊಳ್ಳಲು ಅವಳ ಮುಂದೆ ಬಗ್ಗುವುದನ್ನು ಕಲಿತರು. ಟಿವಿಯ ಸದ್ದು ತಗ್ಗಿತು.

"ಆ ಹಾಡಿಗ್ ಗಂಟ್ಲ್ ದಣ್ಸಿದ್ದಕ್ಕೇ ಹೀಂಗಾಯ್ತಾ ಅಂತ," ಎಂದ ಚಿಕ್ಕಪ್ಪ ಒಮ್ಮೆ, ನನ್ನ ಕಡೆ ನೋಡದೆ. ಡಾಕ್ಟರನ್ನು ಕೇಳಿದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದರು. ಚಿಕ್ಕಪ್ಪನಿಗೂ ಹೇಳಿದೆ. ಅವನು ತಲೆಯಾಡಿಸಿದ. ಆದರೂ ಆ ಪ್ರಶ್ನೆ ಇಬ್ಬರ ನಡುವೆ ಜಗಲಿಯಲ್ಲೇ ಕೂತಿರುತ್ತಿತ್ತು. ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ನಾನು ಅಳುತ್ತಿರುವುದು ಚಿಕ್ಕಜ್ಜಿಯ ದನಿಗೋ, ನನಗೆ ಸಿಗದೆ ಹೋದ ಮುದ್ರಣಕ್ಕೋ? ಕೆಲವು ದಿನ ಅದು ನನಗೇ ಸ್ಪಷ್ಟವಾಗುತ್ತಿರಲಿಲ್ಲ. ಹಾಗಾಗಿ ಮಣಲಿಯ ಬಸ್ಸನ್ನು ತಪ್ಪಿಸಿಕೊಳ್ಳಲು ನೆವ ಹುಡುಕುತ್ತಿದ್ದೆ.

ಕೀಬೋರ್ಡಿನವರು ನನ್ನ ಸ್ಥಿತಿ ನೋಡಿ, ನನಗೆ ಹೇಳದೆ ಒಂದು ಕೆಲಸ ಮಾಡಿದರು. ಸ್ಟುಡಿಯೋಗೆ ಬಂದ ದಿನ ಅವಳು ಆಡಿದ ಮಾತೆಲ್ಲ ಮೈಕಿನಲ್ಲಿ ಉಳಿದಿತ್ತು. ಬಾಗಿಲಿನ ಮಾತು, ಕೆಮ್ಮು, ಬಳೆಯ ಸದ್ದು. ಅದನ್ನು ಕಂಪ್ಯೂಟರಿಗೆ ಉಣಿಸಿ ಅವಳ ದನಿಯಲ್ಲೇ ಹಾಡಿಸಿದ್ದರು. ಈಗ ಅದೆಲ್ಲ ಸಾಧ್ಯ. "ಕೇಳಿ ಮಾ," ಎಂದು ಕಳಿಸಿದರು. ಕೇಳಿದೆ. ಅವಳೇ! ಮಾರನೆಯ ದಿನ ಮಣಲಿಗೆ ಹೋಗಿ ಚಿಕ್ಕಜ್ಜಿಯ ಕಿವಿಗೆ ಇಯರ್‌ಫೋನ್ ಇಟ್ಟೆ.

ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು. ಬಗ್ಗು ಎಂದು ಬೆರಳಿನಲ್ಲಿ ಸನ್ನೆ ಮಾಡಿದಳು.

"ಪಾಪ, ಒಳ್ಳೇ ಹೆಂಗ್ಸ್," ಎಂದಿತು ಆ ಉಸಿರು. "ಬಾಗ್ಲ್ ಹಾಕಿದ್ ಮೇಲೆ ಬಂದ್ ತಟ್ಟುತ್ತ್."

ಆ ಮಾತನ್ನು ಕೀಬೋರ್ಡಿನವರಿಗೆ ಹೇಗೆ ಹೇಳುವುದೆಂದು ಹಿಂಜರಿದೆ. ಹೇಳಿದಾಗ ಅವರು, "ನನ್ನ ತಾಳ ಸರಿಯಾಗಿತ್ತಲ್ಲ ಮಾ," ಅಂದರು. ಅವರಿಗೆ ನೋವಾಗಿತ್ತು. ಅಷ್ಟು ದಿನದ ಕೆಲಸ. ಆದರೂ ಅದನ್ನು ಎಲ್ಲಿಗೂ ಹಾಕಲಿಲ್ಲ.

ಈ ವರ್ಷ ಒಂದು ಸಂಜೆ ಅಪ್ಪನ ಹೋಟೆಲಿನ ತಾರಸಿಯಲ್ಲಿ ನಾವಿಬ್ಬರೂ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡೆವು. ಗಿರಾಕಿಗಳು, ನೆರೆಯವರು, ದಾರಿ ತಪ್ಪಿ ಬಂದ ಒಂದಿಬ್ಬರು. ಚಿಕ್ಕಜ್ಜಿಯನ್ನು ಚಿಕ್ಕಪ್ಪನೇ ಕರೆದುಕೊಂಡು ಬಂದ. ಅವಳು ರೇಷ್ಮೆ ಸೀರೆ ಉಟ್ಟಿದ್ದಳು. ಅದನ್ನು ನೋಡಿ ಕೀಬೋರ್ಡಿನವರು ನನ್ನನ್ನು ಕೇಳದೆ ಇನ್ನೊಂದು ಕುರ್ಚಿ ತಂದು ನನ್ನ ಎದುರು ಹಾಕಿದರು, ಅದರ ಮುಂದೊಂದು ಮೈಕು. ಚಿಕ್ಕಪ್ಪ ಹಿಂದೆ ಹೋಗಿ ನಿಂತ.

ನಾನು ಎತ್ತಿದೆ. "ಬೆಳಗಾಗೊ ಮುಂಚೆಯೇ ಹಿಟ್ಟುಬ್ಬಿತು ನೋ," ಅಲ್ಲಿಗೆ ಬಿಟ್ಟು ಅವಳ ಕಡೆ ತಿರುಗಿದೆ. ಕೀಬೋರ್ಡಿನ ಮೇಲಿದ್ದ ಕೈಗಳು ಮಡಿಲಿಗೆ ಹೋದವು. ಅವಳ ಮೈಕಿನಿಂದ ಹಿಟ್ಟು ಜರಡಿ ಹಿಡಿದಂಥ ಸದ್ದು ಬಂತು. ಸಾಲಿನುದ್ದಕ್ಕೂ ಬಂತು, ಸಾಲಿನ ಅಳತೆಗೇ ಬಂತು. ಕೆಳಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಹಿಂದಿನಿಂದ ಯಾರೋ ತಮಿಳಿನಲ್ಲಿ ಕೂಗಿದರು, "ಆ ಅಮ್ಮನ ಮೈಕ್ ಕೆಟ್ಟಿದೆ, ನೋಡಿ ಸಾರ್!" ಕೀಬೋರ್ಡಿನವರು ಅತ್ತ ಬೀರಿದ ನೋಟಕ್ಕೆ ಆ ಮನುಷ್ಯ ಕೂತುಬಿಟ್ಟ. ನಾನು ಅಷ್ಟು ಹೊತ್ತೂ ಉಸಿರು ತೆಗೆದುಕೊಂಡೆ. ಮುಂದಿನ ಸಾಲು ನೆನಪಾಯಿತು. ಎತ್ತಿದೆ.

ಚಪ್ಪಾಳೆ ಬಂತು, ಅಷ್ಟೇನೂ ಜೋರಾಗಿ ಅಲ್ಲ. ಜನಕ್ಕೆ ಏನಾಯಿತೆಂದು ಸರಿಯಾಗಿ ತಿಳಿಯಲಿಲ್ಲ ಅನ್ನಿಸುತ್ತದೆ. ನರ ಇನ್ನೂ ಎದ್ದಿಲ್ಲ. ಡಾಕ್ಟರು ಈಗ "ಏಳಬಹುದು" ಎಂಬುದನ್ನು ಮೊದಲಿಗಿಂತ ಮೆಲ್ಲಗೆ ಹೇಳುತ್ತಾರೆ.

ಅವಳನ್ನು ಮಣಲಿಗೆ ಬಿಡಲು ಹೊರಟ ಆಟೋದಲ್ಲಿ ನಾನು ಅವಳ ಪಕ್ಕ ಕೂತೆ. ಚಿಕ್ಕಪ್ಪ ಮುಂದೆ ಡ್ರೈವರಿನ ಪಕ್ಕ ಇಕ್ಕಟ್ಟಿನಲ್ಲಿ. ಅವಳು ನನ್ನ ಮೊಣಕೈ ಎಳೆದಳು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸದು, ಕಿವಿಯನ್ನು ಅವಳ ತುಟಿಗೇ ಒತ್ತಿ ಹಿಡಿದೆ.

"ಕಡೀ ಸಾಲಲ್ ಮತ್ತ್ ಬಾಗ್ಲ್ ಹಾಕ್ದೆ."

"ಗೊತ್ತಾಯಿತು ಚಿಕ್ಕಜ್ಜಿ."

"ಗೊತ್ತಾಯ್ತಂಬ್ರ್," ಎಂದಿತು ಉಸಿರು, ಸಿಟ್ಟಿನಿಂದಲೇ. "ನಾಡಿದ್ದ್ ಬಾ. ಬೇಳೆ ಆರ್ಸುಕಿತ್."